ಬಾಕಿ: ಹನ್ನೊಂದು ಡಬ್ಬ

ಮಾದಾಪುರದಾಚೆ ಹಟ್ಟಿಹೊಳೆ ತಿರುವಿನ ತೋಟದಲ್ಲಿ
ನಾನು ರೈಟರ್.
ರೈಟರ್ ಎಂದರೆ ಕತೆ ಕವಿತೆ ಬರೆಯುವವನಲ್ಲ;
ಹಾಜರಿ, ಗೊಬ್ಬರ, ಮಳೆ ಇಷ್ಟು ಇಂಚು,
ಕತ್ತಿ ಮೂರು ಬಂತು, ಎರಡು ಹೋಯಿತು.
ಅಷ್ಟೇ ನನ್ನ ಬರವಣಿಗೆ, ಇಪ್ಪತ್ತೊಂಬತ್ತು ವರ್ಷ.

ದಾಸ್ತಾನು ಪುಸ್ತಕದಲ್ಲಿ ಒಂದು ಪುಟ ಮಾತ್ರ ಮುಗಿಯುವುದಿಲ್ಲ.
ಲಿಂಡೇನ್. ಬಾಕಿ: ಹನ್ನೊಂದು ಡಬ್ಬ.
ಪ್ರತಿ ಮಾರ್ಚಿ ಕೊನೆಗೆ ಅದನ್ನೇ ಮುಂದಿನ ಪುಟಕ್ಕೆ ಎಳೆದು ತರುತ್ತೇನೆ,
ಹೊಸ ಕ್ಯಾಲೆಂಡರನ್ನು ಹಳೆಯ ಮೊಳೆಗೇ ಸಿಕ್ಕಿಸುವ ಹಾಗೆ.

ಮೊದಲು ಹೀಗಿರಲಿಲ್ಲ.
ಏಪ್ರಿಲಿನಲ್ಲಿ ಕಾಂಡಕೊರಕ ಹಾರುವ ಹೊತ್ತಿಗೆ,
ಮತ್ತೆ ಅಕ್ಟೋಬರಿನಲ್ಲಿ,
ಬಕೆಟಿನಲ್ಲಿ ಹಾಲಿನಂತೆ ಕಲಸಿ
ಹಳೆಯ ಬನಿಯನ್ ತುಂಡು ಅದ್ದಿ
ಒಂದೊಂದು ಅರೇಬಿಕಾ ಗಿಡದ ಕಾಲನ್ನೂ ಒರೆಸುತ್ತಿದ್ದರು ಹೆಂಗಸರು,
ಜ್ವರದ ಮಗುವಿನ ಮೈ ಒರೆಸಿದ ಹಾಗೆ.
ಚುಂಡೆ ಎಲ್ಲರಿಗಿಂತ ಬೇಗ.
ಮಧ್ಯಾಹ್ನ ಅದೇ ಕೈಯಲ್ಲಿ ಬುತ್ತಿ.
ಸೋಪು ಕೊಡಿ ಎಂದು ಕೇಳಿದ್ದಳು ಒಮ್ಮೆ;
ನಾನು ಬರೆದೆ: ಸೋಪು, ಒಂದು, ನಲವತ್ತು ಜನಕ್ಕೆ.

ಆಮೇಲೆ ಒಬ್ಬರು ಅಧಿಕಾರಿ ಬಂದರು. ಜೀಪಿಳಿದು ಚಹಾ ಬೇಡ ಎಂದರು.
ಜಿನೀವಾ ಅಂತ ಒಂದು ಊರು, ಕೆರೆ ದಡದಲ್ಲಿ.
ಅಲ್ಲಿ ನೂರೈವತ್ತಕ್ಕೂ ಮೇಲ್ಪಟ್ಟ ದೇಶದವರು ಕೂತು
ಕೆಲವು ಹೆಸರು ಪಟ್ಟಿ ಮಾಡಿದ್ದಾರೆ,
ಇನ್ನು ಇವನ್ನು ಮಾಡಕೂಡದು, ಮಾರಕೂಡದು, ಬಳಸಕೂಡದು.
ಒಬ್ಬರಿಗೊಬ್ಬರು ಹೊಳೆನೀರು ಬಿಡದ ದೇಶಗಳೂ
ಆ ಹೊತ್ತು ಹೂಂ ಎಂದವಂತೆ.

ಸಾಹುಕಾರರು ನಕ್ಕರು:
"ಹುಳಕ್ಕೆ ಓದು ಬರ್ತದಾ ರೈಟ್ರೇ?"

ಅಧಿಕಾರಿ ನಗಲಿಲ್ಲ.
ಇಲ್ಲಿ ಹಾಕಿದ್ದು ಇಲ್ಲೇ ಇರುವುದಿಲ್ಲ, ಎಂದರು.
ಬಿಸಿಲಿಗೆ ಏಳುತ್ತದೆ, ಗಾಳಿ ಹಿಡಿಯುತ್ತದೆ,
ಎಲ್ಲಿ ಚಳಿಯೋ ಅಲ್ಲಿ ಇಳಿಯುತ್ತದೆ.
ಕಾಫಿ ಇರಲಿ, ಒಂದು ಮರವೂ ಏಳದ ಮಂಜಿನ ನಾಡಿನಲ್ಲಿ
ಸೀಲ್ ಕೊಬ್ಬು ತಿನ್ನುವ ತಾಯಂದಿರ ಎದೆಹಾಲಿನಲ್ಲಿ
ಇಂಥದ್ದು ಸಿಕ್ಕಿದೆ.

ಆ ರಾತ್ರಿ ನನಗೆ ಲೆಕ್ಕ ಕೂಡಲಿಲ್ಲ.
ಯಾವ ಡಬ್ಬದ್ದು? ಯಾವ ಏಪ್ರಿಲಿನದು?
ಚುಂಡೆ ಹಿಂಡಿದ ಬಟ್ಟೆಯದೇ ಇರಬಹುದೇ?
ಆ ತಾಯಿಯನ್ನು ಯಾವ ಕಲಮಿನಲ್ಲಿ ಬರೆಯಲಿ,
ಅವಳು ನಮ್ಮ ಚೆಕ್‌ರೋಲಿನಲ್ಲಿ ಇಲ್ಲ.
ಹಾಗೆ ನೋಡಿದರೆ, ಚೆಕ್‌ರೋಲಿನಲ್ಲಿದ್ದ ಚುಂಡೆಯ ಹಾಲನ್ನು
ಯಾರೂ ಪರೀಕ್ಷಿಸಲಿಲ್ಲ.

ಈಗ ತೆಂಗಿನ ನಾರಿನ ಗವಸು ತೊಟ್ಟು ತೊಗಟೆ ಉಜ್ಜುತ್ತಾರೆ.
ನುಣುಪು ಕಾಂಡದಲ್ಲಿ ಹುಳಕ್ಕೆ ಮೊಟ್ಟೆಯಿಡಲು ಬಿರುಕಿಲ್ಲ.
ಒಳ್ಳೆಯದೇ. ತೊರೆಗೆ ಏಡಿ ಮರಳಿದೆ ಎನ್ನುತ್ತಾರೆ ಲೈನಿನ ಹುಡುಗರು,
ನಾನು ನೋಡಿಲ್ಲ.
ಆದರೆ ಡಬ್ಬ ಮಾಡುತ್ತಿದ್ದ ಕೆಲಸ ಈಗ ಕೈ ಮಾಡಬೇಕು.
ಗವಸು ಹರಿದರೂ ಉಜ್ಜುತ್ತಾಳೆ ಚುಂಡೆಯ ಮಗಳು ಪೊಂಜಿ;
ನ್ಯಾಯಬೆಲೆ ಅಂಗಡಿಯ ಯಂತ್ರ ಅವಳ ಹೆಬ್ಬೆಟ್ಟನ್ನು
ಒಪ್ಪುವುದಿಲ್ಲ. ಗೆರೆ ಸವೆದಿದೆ.
ಮೂರು ಸಲ ಒತ್ತಿ, ಸೆರಗಿಗೆ ಒರೆಸಿ, ಮತ್ತೆ ಒತ್ತುತ್ತಾಳೆ.
ಜಿನೀವಾದ ಕೈಗಳಿಗೆ ಲೆಕ್ಕವಿದೆ;
ಈ ಕೈ ಅದರಲ್ಲಿ ಸೇರಿಲ್ಲ.

ಹನ್ನೊಂದು ಡಬ್ಬ ಸ್ಟೋರಿನ ಮೂಲೆಯಲ್ಲೇ ಇವೆ.
ಹೂಳಕೂಡದು, ಇಲ್ಲಿ ಸುಡಕೂಡದು, ಹೊಳೆಗೆ ಸುರಿಯಕೂಡದು.
ಅಂಥದ್ದನ್ನು ಸುಡುವ ಒಲೆ ಎಲ್ಲೋ ದೂರ ಉಂಟಂತೆ,
ಲಾರಿ ಬರುತ್ತದಂತೆ, ಕಾಗದ ನಡೆಯುತ್ತಿದೆಯಂತೆ.
ತಳ ತುಕ್ಕು ಹಿಡಿದದ್ದಕ್ಕೆ ಮರಳಿನ ತಟ್ಟೆ ಇಟ್ಟಿದ್ದೇನೆ.
ಬೀಗ ಎರಡು. ಕೀಲಿ ನನ್ನ ಸೊಂಟದಲ್ಲಿ.

ನಿನ್ನೆ ಪೊಂಜಿ ಬಾಗಿಲಲ್ಲಿ ನಿಂತು ಕೇಳಿದಳು:
"ಅವ್ವ ಒರೆಸಿದ್ದು ಇದೇನಾ?"
ಹೌದು ಎಂದೆ.
ಅವಳು ಮೂಗು ಮುಚ್ಚಲಿಲ್ಲ. ಸ್ವಲ್ಪ ಹೊತ್ತು ನೋಡಿದಳು.
ಆಮೇಲೆ, "ಸೋಪು ಬಂತಾ?"

ಬರೆದೆ: ಸೋಪು, ನಲವತ್ತು.
ಸಾಹುಕಾರರ ರುಜು ಇನ್ನೂ ಬಿದ್ದಿಲ್ಲ.